ಒಂದೇ ಹುರುಳಿ, ಮೂರು ಪಾತ್ರೆ

ನಾನಿರುವ ಸಾಂತಾ ಫೆ, ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಊರು, ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ, ಕಾಳು ಮಾತ್ರ ಬೇಯಲು ಒಲ್ಲದು. ಕುಕ್ಕರ್ ಇಲ್ಲವೇ ಎನ್ನಬೇಡಿ. ಹುರುಳಿಕಟ್ಟಿನ ಸಾರಿಗೆ ನನಗೆ ಸಣ್ಣ ಉರಿಯೇ ಆಗಬೇಕು. ಈ ಚಳಿಗಾಲ, ರಾತ್ರಿ ನೆನೆಸಿದ ಹುರುಳಿಯನ್ನು ಮೂರು ಪಾತ್ರೆಗಳಲ್ಲಿ ಬೇಯಿಸಿ ನೋಡಿದೆ.

ಊರಿನಿಂದ ತಂದ ಕೆಂಪು ಮಡಿಕೆ ಎರಡನೇ ಸಲಕ್ಕೇ ಕೈಕೊಟ್ಟಿತು. ನೀರು ಇಂಗಿತೆಂದು ನಲ್ಲಿಯ ತಣ್ಣೀರು ಸುರಿದೆ. ಟಪ್ ಎಂದಿತು, ತಳದಿಂದ ಕಂಠದವರೆಗೆ ಕೂದಲೆಳೆಯಂಥ ಬಿರುಕು. ಅಮ್ಮ ಆಗಿದ್ದರೆ ಬಿಸಿನೀರು ಹಾಕುತ್ತಿದ್ದರು.

ಎನಾಮೆಲ್ ಬಳಿದ ಎರಕದ ಕಬ್ಬಿಣದ ಪಾತ್ರೆ ಹಾಗೆ ಸುಲಭವಾಗಿ ಸೀಳುವುದಿಲ್ಲ. ಆದರೆ ಎತ್ತಿ ಕಟ್ಟು ಬಸಿಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ.

ಮೂರನೆಯದು ಪಿಕುರಿಸ್ ಪುಯೆಬ್ಲೊದಲ್ಲಿ ಮಾಡಿದ್ದು; ಪುಯೆಬ್ಲೊ ಎಂದರೆ ಇಲ್ಲಿನ ಮೂಲನಿವಾಸಿಗಳ ಹಳ್ಳಿ. ಪಿಕುರಿಸ್, ಟಾವೋಸ್ ಜನರ ಮಣ್ಣಿನಲ್ಲಿ ಕಾಗೆಬಂಗಾರ ತಾನಾಗಿಯೇ ಬೆರೆತಿರುತ್ತದೆ. ತಿಗರಿ ಇಲ್ಲ; ಮಣ್ಣನ್ನು ಹುರಿಯಂತೆ ಹೊಸೆದು, ಸುತ್ತು ಸುತ್ತಾಗಿ ಏರಿಸಿ, ಕೆರೆದು ನಯಗೊಳಿಸುತ್ತಾರೆ. ಆವಿಗೆಯೂ ಇಲ್ಲ, ಬಯಲಿನಲ್ಲಿ ಕಟ್ಟಿಗೆ ಒಟ್ಟಿ ಸುಡುತ್ತಾರೆ. ನನ್ನ ಮಡಿಕೆಯ ಒಂದು ಮಗ್ಗುಲಲ್ಲಿ ಉರಿ ತಾಗಿದ ಕಪ್ಪು ಮೋಡವಿದೆ. ಉಳಿದೆಡೆ ಕಿಟಕಿಯ ಬೆಳಕಿಗೆ ತಿರುಗಿಸಿದರೆ ತಾಮ್ರದ ಬಣ್ಣದಲ್ಲಿ ಮಿನುಗುತ್ತದೆ. ಆ ಮಿನುಗು ಬರೀ ಅಂದಕ್ಕಲ್ಲ. ಹಾಳೆ ಹಾಳೆಯಾದ ಕಾಗೆಬಂಗಾರ ಬಿಸಿಗೆ ಮಣ್ಣು ಹಿಗ್ಗುವ ಕುಗ್ಗುವ ಸೆಳೆತವನ್ನು ತಾಳಿಕೊಳ್ಳುತ್ತದೆ, ಬಿರುಕನ್ನು ಮುಂದೆ ಹರಿಯಗೊಡುವುದಿಲ್ಲ. ಹಾಗೆಂದೇ ಇದು ನೇರವಾಗಿ ಒಲೆ ಏರುವ ಮಡಿಕೆ. ಸಾನ್ ಇಲ್ಡೆಫಾನ್ಸೊ ಎಂಬ ಇನ್ನೊಂದು ಪುಯೆಬ್ಲೊದ ಕುಂಬಾರ್ತಿ ಮರಿಯಾ ಮಾರ್ಟಿನೆಜ್ ಹೆಸರು ಮಾಡಿದ ಕನ್ನಡಿಯಂಥ ಕಪ್ಪು ಮಡಿಕೆಗಳನ್ನು ಒಲೆಗೇರಿಸುವ ಮಾತೇ ಇಲ್ಲ, ಅವು ಕಪಾಟಿನವು.

ಮೊದಲ ಸಲ ನೀರು ಕಾಯಿಸಿದಾಗ ಹೊರಮೈ ಬೆವರಿತು, ಹೆದರಿದೆ. ಎರಡು ಮೂರು ಸಲ ಗಂಜಿ ಕಾಯಿಸಿದ ಮೇಲೆ ನಿಂತಿತು. ಹುರುಳಿ ಎರಕದ ಪಾತ್ರೆಗಿಂತ ಅರ್ಧ ಗಂಟೆ ತಡವಾಗಿಯೇ ಬೆಂದಿತು, ಆದರೆ ಒಂದು ಕಾಳೂ ಒಡೆಯಲಿಲ್ಲ. ಕಟ್ಟು ಮಂದವಾಗಿ, ಸೌಟಿನಿಂದ ನಿಧಾನವಾಗಿ ಇಳಿಯಿತು. ಒಲೆ ಆರಿಸಿ ಹತ್ತು ನಿಮಿಷ ಕಳೆದರೂ ಒಳಗೆ ಕುದಿಯುವ ಸದ್ದು.

ತೊಂದರೆಯೂ ಇದೆ. ಸೋಪು ಹಾಕುವಂತಿಲ್ಲ, ಮಣ್ಣು ಹೀರಿಕೊಳ್ಳುತ್ತದೆ. ಬೆಲೆಯನ್ನಂತೂ ಅಮ್ಮನಿಗೆ ಇನ್ನೂ ಹೇಳಿಲ್ಲ; ಆ ದುಡ್ಡಿಗೆ ಊರಿನಲ್ಲಿ ಬಂಡಿ ತುಂಬ ಮಡಿಕೆ ಬರುತ್ತವೆ. ಒಗ್ಗರಣೆಗೂ ಅದನ್ನು ಇಡುವುದಿಲ್ಲ, ನೀರಿಲ್ಲದೆ ಉರಿಯ ಮೇಲೆ ಕೂರಿಸುವ ಧೈರ್ಯ ನನಗಿಲ್ಲ. ಆ ಕೆಲಸ ಎರಕದ ಪಾತ್ರೆಯದು. ಒಡೆದ ಕೆಂಪು ಮಡಿಕೆಯಲ್ಲಿ ಕೊತ್ತಂಬರಿ ಬಿತ್ತಿದ್ದೇನೆ.