ಪತ್ರಿಕೆ, ಟಿವಿ, ರೇಡಿಯೋ, ಫೀಡ್: ಸುದ್ದಿಗೆ ಯಾವುದು ಸರಿ? ಒಂದೊಂದನ್ನೇ ಬಳಸಿ ನೋಡಿದ ಮೇಲೆ

ಪತ್ರಿಕೆಗಳ ಕಾಲ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಅವುಗಳ ಜಾಗಕ್ಕೆ ಬಂದಿರುವುದು ಅವು ಮಾಡುತ್ತಿದ್ದ ಕೆಲಸವನ್ನು ಮಾಡುತ್ತಿದೆಯಾ? ಇದಕ್ಕೆ ಉತ್ತರ ಬೇಕೆನ್ನಿಸಿ, ಕೆಲವು ತಿಂಗಳು ಸರದಿಯ ಮೇಲೆ ಒಂದೊಂದೇ ಮಾಧ್ಯಮವನ್ನು ಹಿಡಿದುಕೊಂಡೆ. ಮೊದಲು ಮುದ್ರಿತ ಪತ್ರಿಕೆ, ಆಮೇಲೆ ಟಿವಿ, ರೇಡಿಯೋ, ಫೋನಿನ ಫೀಡ್ (ಫೇಸ್‌ಬುಕ್‌ನಂಥ ಆ್ಯಪ್ ತಾನೇ ಆರಿಸಿ ಒಂದರ ಕೆಳಗೊಂದು ತೋರಿಸುತ್ತಾ ಹೋಗುವುದು), ಇ-ಪೇಪರ್, ಇಮೇಲಿಗೆ ಬರುವ ಸುದ್ದಿಪತ್ರ. ಕೊನೆಗೆ ಎಐ ಸಾರಾಂಶ.

ಅಳತೆಗೋಲು ಸರಳವಾಗಿಯೇ ಇತ್ತು. ರಾತ್ರಿ ಮಲಗುವಾಗ ಆ ದಿನದ ಸುದ್ದಿಯಲ್ಲಿ ಎಷ್ಟು ನೆನಪಿದೆ? ನಾನಾಗಿ ಹುಡುಕದೇ ಇದ್ದ ವಿಷಯ ಏನಾದರೂ ಸಿಕ್ಕಿತಾ? ಸುದ್ದಿ ತಪ್ಪಾಗಿದ್ದರೆ ಅದನ್ನು ತಿದ್ದಿದ್ದು ನನ್ನವರೆಗೂ ಬಂತಾ?

ಮುದ್ರಿತ ಪತ್ರಿಕೆ

ವೇಗದಲ್ಲಿ ಪತ್ರಿಕೆ ಗೆಲ್ಲುವ ಮಾತೇ ಇಲ್ಲ. ಸಂಜೆಯೇ ಎಲ್ಲರಿಗೂ ಗೊತ್ತಾದದ್ದು ಮರುದಿನ ಬೆಳಿಗ್ಗೆ ಮುಖಪುಟದಲ್ಲಿ ಬರುತ್ತದೆ. ತಡರಾತ್ರಿ ಮುಗಿದ ಪಂದ್ಯದ ಫಲಿತಾಂಶ ಎಷ್ಟೋ ಸಲ ಇರುವುದೇ ಇಲ್ಲ. ಹಳೆಯ ಸುದ್ದಿಯೊಂದನ್ನು ಮತ್ತೆ ನೋಡಬೇಕೆಂದರೆ ಕಟ್ಟು ಬಿಚ್ಚಿ ಹುಡುಕಬೇಕು.

ಆದರೆ ನನ್ನ ಮೂರು ಪ್ರಶ್ನೆಗಳಿಗೂ ಒಳ್ಳೆಯ ಉತ್ತರ ಸಿಕ್ಕಿದ್ದು ಇಲ್ಲೇ. ಪುಟ ತೆರೆದ ಕೂಡಲೇ ಯಾವ ಸುದ್ದಿ ದೊಡ್ಡದು, ಯಾವುದು ಚಿಕ್ಕದು ಎಂದು ಕಣ್ಣಿಗೇ ಗೊತ್ತಾಗುತ್ತದೆ. ಒಂದು ಸುದ್ದಿಗೆ ಪುಟದಗಲದ ತಲೆಬರಹ, ಇನ್ನೊಂದಕ್ಕೆ ಕೆಳಗಿನ ಮೂಲೆಯಲ್ಲಿ ಒಂದು ಕಾಲಂ. ಆ ತೂಕ ನಿಮಗೆ ಒಪ್ಪಿಗೆಯಾಗದೆ ಇರಬಹುದು. ಆದರೂ ಯಾರೋ ಕೂತು, ಯೋಚಿಸಿ, ತೂಗಿ ಇಟ್ಟಿದ್ದಾರೆ. ಅದರ ಮೇಲೆ ಜಗಳ ಆಡುವುದಕ್ಕೂ ಒಬ್ಬ ಸಂಪಾದಕ ಇದ್ದಾರೆ, ಅವರ ಹೆಸರು ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ.

ಕ್ರೀಡಾ ಪುಟಕ್ಕೆ ಹೋಗುವ ದಾರಿಯಲ್ಲಿ ನನಗೆ ಒಳಪುಟದ ಒಂದು ವರದಿ ಸಿಕ್ಕಿತು. ಕುಡಿಯುವ ನೀರಿನ ಕೊಳವೆ ಬದಲಿಸುವ ಟೆಂಡರ್ ಯಾಕೆ ಮೂರನೇ ಸಲ ಮುಂದಕ್ಕೆ ಹೋಯಿತು ಎನ್ನುವುದು ವಿಷಯ. ಫೋಟೋ ಇಲ್ಲ, ಒಣ ಅಂಕಿಗಳೇ ಜಾಸ್ತಿ. ಫೋನಿನಲ್ಲಾಗಿದ್ದರೆ ನಾನು ಅದನ್ನು ಒತ್ತುತ್ತಲೇ ಇರಲಿಲ್ಲ. ನನ್ನ ಫೀಡ್ ಅದನ್ನು ತೋರಿಸುತ್ತಲೂ ಇರಲಿಲ್ಲ. ಮರುದಿನ ಅದೇ ಪುಟದಲ್ಲಿ ಸಣ್ಣ ಚೌಕಟ್ಟು ಹಾಕಿ ಒಂದು ತಿದ್ದುಪಡಿ ಬಂದಿತ್ತು. ಅಧಿಕಾರಿಯೊಬ್ಬರ ಹುದ್ದೆ ತಪ್ಪಾಗಿ ಅಚ್ಚಾಗಿತ್ತಂತೆ. ನಿನ್ನೆ ಹೀಗೆ ಬರೆದಿದ್ದೆವು, ಸರಿಯಾದದ್ದು ಇದು, ವಿಷಾದಿಸುತ್ತೇವೆ. ಮೂರೇ ಸಾಲು. ತಪ್ಪು ಓದಿದವರ ಕಣ್ಣಿಗೇ ಸರಿಯಾದದ್ದೂ ಬಿತ್ತು. ಈ ಮೂರು ಸಾಲಿನ ಬೆಲೆ ನನಗೆ ಗೊತ್ತಾಗಿದ್ದು ಮುಂದೆ ಫೀಡ್ ಹಿಡಿದು ಕೂತಾಗ.

ಇಷ್ಟು ಒಳ್ಳೆಯದಾಗಿದ್ದರೆ ಪತ್ರಿಕೆ ಯಾಕೆ ಕುಸಿಯಿತು? ಜನ ಓದುವುದನ್ನೇ ಬಿಟ್ಟರು ಎನ್ನುವುದು ಅರ್ಧ ಸತ್ಯ. ದೊಡ್ಡ ಹೊಡೆತ ಬಿದ್ದದ್ದು ಜಾಹೀರಾತಿಗೆ. ಬಾಡಿಗೆ ಮನೆ, ಹಳೇ ಕಾರು, ಕೆಲಸ ಖಾಲಿ ಇದೆ ಎನ್ನುವ ಸಾಲು ಜಾಹೀರಾತುಗಳೇ ಬಹಳಷ್ಟು ಪತ್ರಿಕೆಗಳ ಸಂಬಳದ ಚೀಲವಾಗಿದ್ದವು. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಕ್ರೇಗ್ಸ್‌ಲಿಸ್ಟ್ ಎಂಬ ಜಾಹೀರಾತು ತಾಣ ಮುಂದೆ ಅಮೆರಿಕದ ತುಂಬಾ ಹರಡಿ, ಅದೇ ಸಾಲುಗಳನ್ನು ಹೆಚ್ಚು ಕಡಿಮೆ ಪುಕ್ಕಟೆಯಾಗಿ ಹಾಕಲು ಬಿಟ್ಟಿತು. ಉಳಿದ ಜಾಹೀರಾತು ಗೂಗಲ್ ಮತ್ತು ಫೇಸ್‌ಬುಕ್ ಕಡೆಗೆ ಹೋಯಿತು. ಅಮೆರಿಕದ ಪತ್ರಿಕೆಗಳ ಜಾಹೀರಾತು ಆದಾಯ 2005ರ ಸುಮಾರಿಗೆ 49 ಬಿಲಿಯನ್ ಡಾಲರ್ ಇತ್ತು, 2020ರ ಹೊತ್ತಿಗೆ 10 ಬಿಲಿಯನ್‌ಗಿಂತ ಕೆಳಗೆ ಬಂತು. ಡೆನ್ವರಿನ ರಾಕಿ ಮೌಂಟನ್ ನ್ಯೂಸ್ 2009ರ ಫೆಬ್ರವರಿಯಲ್ಲಿ ಮುಚ್ಚಿತು, 150 ವರ್ಷ ತುಂಬಲು ಎರಡು ತಿಂಗಳಷ್ಟೇ ಬಾಕಿ ಇತ್ತು. ಬ್ರಿಟನ್ನಿನ ದಿ ಇಂಡಿಪೆಂಡೆಂಟ್ 2016ರಲ್ಲಿ ಮುದ್ರಣ ನಿಲ್ಲಿಸಿ ಪೂರ್ತಿ ಆನ್‌ಲೈನ್ ಆಯಿತು.

ನನಗೆ ಅತಿ ಹೆಚ್ಚು ಬೇಸರ ತಂದದ್ದು ವೀನರ್ ಸೈಟುಂಗ್. ವಿಯೆನ್ನಾದಲ್ಲಿ 1703ರಲ್ಲಿ ಶುರುವಾದ ಪತ್ರಿಕೆ ಅದು. ಕಂಪನಿಗಳು ತಮ್ಮ ಅಧಿಕೃತ ಪ್ರಕಟಣೆಗಳನ್ನು ಅದರಲ್ಲಿ ದುಡ್ಡು ಕೊಟ್ಟು ಹಾಕಲೇಬೇಕು ಎಂಬ ನಿಯಮದ ಮೇಲೆ ಅದು ನಿಂತಿತ್ತು. ಕಾನೂನು ಬದಲಾಯಿತು, ಆದಾಯ ನಿಂತಿತು. 2023ರ ಜೂನ್ 30ಕ್ಕೆ ದಿನಪತ್ರಿಕೆಯಾಗಿ ಕೊನೆಯ ಸಂಚಿಕೆ ಬಂತು. 320 ವರ್ಷದ ಪತ್ರಿಕೆಯನ್ನು ನಿಲ್ಲಿಸಿದ್ದು ಓದುಗರ ತಾತ್ಸಾರ ಅಲ್ಲ, ಲೆಕ್ಕದ ಪುಸ್ತಕ.

ಟಿವಿ

ಇದನ್ನು ಬೇಗ ಮುಗಿಸುತ್ತೇನೆ. ಚುನಾವಣೆಯ ಫಲಿತಾಂಶ, ರಾಕೆಟ್ ಉಡಾವಣೆ, ಚಂಡಮಾರುತ, ಇಂಥ ನೇರಪ್ರಸಾರಕ್ಕೆ ಟಿವಿಗೆ ಸಾಟಿ ಇಲ್ಲ. ಉಳಿದ ದಿನಗಳಲ್ಲಿ ನಾನು ನೋಡಿದ್ದು ಒಂದೇ ತುಣುಕು ವಿಡಿಯೋ ಮತ್ತೆ ಮತ್ತೆ ಸುತ್ತುವುದನ್ನು. ಬ್ರೇಕಿಂಗ್ ನ್ಯೂಸ್ ಎಂಬ ಪಟ್ಟಿ ಬೆಳಿಗ್ಗೆ ಬಂದರೆ ಸಂಜೆಯವರೆಗೂ ಕದಲುವುದಿಲ್ಲ. ಚರ್ಚೆಗೆ ಕೂತವರಲ್ಲಿ ಸ್ಥಳಕ್ಕೆ ಹೋಗಿ ಬಂದವರು ಯಾರೂ ಇರಲಿಲ್ಲ. ಕೂಗಾಟ ಕೇಳಿ ತಲೆ ಭಾರವಾಗುತ್ತಿತ್ತು, ರಾತ್ರಿ ಯೋಚಿಸಿದರೆ ಹೊಸದಾಗಿ ತಿಳಿದದ್ದು ಏನೂ ಇರುತ್ತಿರಲಿಲ್ಲ. ಒಂದು ವಿನಾಯಿತಿ ಇದೆ: ದಿನಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಬರುವ ಅರ್ಧ ಗಂಟೆಯ ವಾರ್ತೆ. ಅದು ಇವತ್ತಿಗೂ ಚೆನ್ನಾಗಿದೆ. ಇಡೀ ದಿನ ಓಡುವ ಚಾನೆಲ್ ಅದಲ್ಲ.

ರೇಡಿಯೋ

ನನ್ನ ಲೆಕ್ಕದಲ್ಲಿ ಇಡೀ ಹೋಲಿಕೆಯಲ್ಲಿ ನಾವು ಅತಿ ಕಡಿಮೆ ಬೆಲೆ ಕೊಡುತ್ತಿರುವ ಮಾಧ್ಯಮ ಇದು. ಮೊದಲು ಮುಖ್ಯಾಂಶಗಳು, ಆಮೇಲೆ ವಿವರ, ಕೊನೆಗೆ ಮತ್ತೊಮ್ಮೆ ಮುಖ್ಯಾಂಶಗಳು. ಹತ್ತು ನಿಮಿಷದಲ್ಲಿ ಮುಗಿಯಿತು. ಕಣ್ಣು, ಕೈ ಎರಡೂ ಖಾಲಿ ಇರುತ್ತವೆ, ಕೆಲಸ ಮಾಡುತ್ತಲೇ ಕೇಳಬಹುದು. ಸಮಯ ಕಡಿಮೆ ಇರುವುದರಿಂದ ಸುಮ್ನೆ ಎಳೆಯಲು ಜಾಗವೇ ಇಲ್ಲ. ರಾತ್ರಿ ನೆನಪಿನ ಪರೀಕ್ಷೆಯಲ್ಲಿ ರೇಡಿಯೋ ಪತ್ರಿಕೆಯ ಹತ್ತಿರಕ್ಕೇ ಬಂತು. ವಿವರ ಕಡಿಮೆ ಸಿಗುತ್ತದೆ, ಅದು ನಿಜ. ಅಂಕಿ ಸಂಖ್ಯೆ ಇರುವ ಸುದ್ದಿ ಕಿವಿಗೆ ಹತ್ತುವುದಿಲ್ಲ.

ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರ ನಿಲ್ಲಿಸಿ ಡಿಜಿಟಲ್ ರೇಡಿಯೋಗೆ ಹೋಯಿತು. ಹಳೇ ರೇಡಿಯೋ ಇನ್ನು ಸಾಕು ಎಂದುಕೊಳ್ಳುವ ಹೊತ್ತಿಗೆ, 2022ರ ಮಾರ್ಚ್‌ನಲ್ಲಿ ಬಿಬಿಸಿ ಉಕ್ರೇನ್ ಯುದ್ಧದ ಕಾರಣಕ್ಕೆ ಆ ಭಾಗಕ್ಕೆ ಹೊಸದಾಗಿ ಶಾರ್ಟ್‌ವೇವ್ ಪ್ರಸಾರ ಶುರು ಮಾಡಿತು, ದಿನಕ್ಕೆ 4 ಗಂಟೆ. ಇಂಟರ್ನೆಟ್ ಕಡಿದುಹೋದರೂ ಆ ಅಲೆ ತಲುಪುತ್ತದೆ.

ಫೋನಿನ ಫೀಡ್

ವೇಗ, ಹುಡುಕಾಟ, ಜಗತ್ತಿನ ಯಾವ ಮೂಲೆಯ ಪತ್ರಿಕೆಯನ್ನಾದರೂ ಓದುವ ಅವಕಾಶ, ಇವು ಮೂರರಲ್ಲಿ ಇಂಟರ್ನೆಟ್ಟಿಗೆ ಪೂರ್ತಿ ಅಂಕ ಕೊಡಬೇಕು. ಯಾವ ಪತ್ರಿಕೆಯೂ ಹಾಕದ ಸುದ್ದಿಯನ್ನು ಸಾಮಾನ್ಯ ಜನ ತಮ್ಮ ಫೋನಿನಿಂದಲೇ ಹೊರಗೆ ತಂದಿದ್ದಾರೆ. ಇದನ್ನು ಸಣ್ಣದು ಎಂದು ನಾನು ಹೇಳುವುದಿಲ್ಲ.

ಆದರೆ ಫೀಡ್ ಬೇರೆ, ಇಂಟರ್ನೆಟ್ ಬೇರೆ. ಫೀಡ್‌ಗೆ ಕೊನೆ ಇಲ್ಲ. ಬೆರಳು ಆಡಿಸುತ್ತಾ ಹೋದಷ್ಟೂ ಬರುತ್ತದೆ. ಸಾವಿನ ಸುದ್ದಿ, ಜಾಹೀರಾತು, ಯಾರದೋ ಮದುವೆ ಫೋಟೋ, ಯುದ್ಧ, ನಗೆ ವಿಡಿಯೋ, ಎಲ್ಲ ಒಂದೇ ಅಳತೆಯ ಚೌಕದಲ್ಲಿ. ಯಾವುದು ದೊಡ್ಡದು ಎಂದು ಹೇಳುವವರು ಯಾರೂ ಇಲ್ಲ. ಹಿಂದಿನ ಸಲ ನಾನು ಎಲ್ಲಿ ಜಾಸ್ತಿ ಹೊತ್ತು ನಿಂತೆ ಎಂಬುದೇ ಮುಂದಿನ ಸಲ ಏನು ಬರಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಓದಿದ್ದು ಪತ್ರಿಕೆಗಿಂತ ಎಷ್ಟೋ ಪಟ್ಟು ಜಾಸ್ತಿ. ರಾತ್ರಿ ನೆನಪಾದದ್ದು ಒಂದೆರಡು ತಲೆಬರಹ ಮತ್ತು ಒಂದು ಸಿಟ್ಟು, ಅಷ್ಟೇ.

ತಿದ್ದುಪಡಿಯ ವಿಷಯದಲ್ಲಂತೂ ಫೀಡ್ ಪೂರ್ತಿ ಕೈ ಕೊಟ್ಟಿತು. ಒಂದು ಮಧ್ಯಾಹ್ನ ಪ್ರವಾಹದ ವಿಡಿಯೋ ಬಂತು. ಆವತ್ತಿನದೇ ಎಂಬ ಒಕ್ಕಣೆ. ಸಾವಿರಾರು ಜನ ಹಂಚಿದ್ದರು. ಕಮೆಂಟುಗಳಲ್ಲಿ ಬಹಳ ಕೆಳಗೆ ಯಾರೋ ಒಬ್ಬರು, ಇದು ಹಲವು ವರ್ಷ ಹಿಂದಿನದು, ಬೇರೆ ದೇಶದ್ದು ಎಂದು ಮೂಲ ವಿಡಿಯೋದ ಲಿಂಕ್ ಸಮೇತ ಬರೆದಿದ್ದರು. ನೋಡಿದರೆ ನಿಜ. ಆ ಕಮೆಂಟಿಗೆ ಬಿದ್ದದ್ದು ಬೆರಳೆಣಿಕೆಯಷ್ಟು ಲೈಕು. ವಿಡಿಯೋ ಮಾತ್ರ ಮರುದಿನವೂ ಓಡುತ್ತಲೇ ಇತ್ತು. ಇದು ನನ್ನೊಬ್ಬನ ಅನುಭವ ಅಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2006ರಿಂದ 2017ರವರೆಗಿನ ಟ್ವಿಟ್ಟರ್ ಪೋಸ್ಟುಗಳನ್ನು ಪರೀಕ್ಷಿಸಿ 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಸುಳ್ಳು ಸುದ್ದಿಯನ್ನು ಜನ ಮುಂದೆ ಕಳಿಸುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಜಾಸ್ತಿ ಎಂದು ಅವರು ಕಂಡುಕೊಂಡರು. ಹರಡಿದ್ದು ಯಂತ್ರಗಳಲ್ಲ, ಮುಖ್ಯವಾಗಿ ಮನುಷ್ಯರೇ.

ಸುದ್ದಿ ತಾಣಗಳಲ್ಲಿ ಇನ್ನೊಂದು ತೊಂದರೆ ಕಂಡೆ. ಒಂದೇ ಲಿಂಕನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆರೆದೆ. ಬೆಳಿಗ್ಗೆ ತಲೆಬರಹದಲ್ಲಿ ‘ಖಚಿತ’ ಎಂದಿತ್ತು. ಮಧ್ಯಾಹ್ನ ಅದು ‘ಸಾಧ್ಯತೆ’ ಆಯಿತು. ಸಂಜೆಗೆ ಒಂದು ಇಡೀ ಪ್ಯಾರಾ ಮಾಯ. ಬದಲಿಸಿದ್ದೇವೆ ಎಂಬ ಒಂದು ಸಾಲೂ ಇಲ್ಲ. ಬೆಳಿಗ್ಗೆ ಓದಿ ಹೋದವರಿಗೆ ತಾವು ಓದಿದ್ದು ಈಗ ಅಲ್ಲಿಲ್ಲ ಎಂದು ಗೊತ್ತಾಗುವುದು ಹೇಗೆ? ಅಚ್ಚಾದ ಕಾಗದದಲ್ಲಿ ಹೀಗೆ ಸದ್ದಿಲ್ಲದೆ ಅಳಿಸಲು ಆಗುವುದಿಲ್ಲ, ಅಲ್ವಾ? ಒಳ್ಳೆಯ ತಾಣಗಳು ಲೇಖನದ ಕೆಳಗೆ ತಿದ್ದುಪಡಿಯನ್ನು ತಾರೀಕಿನ ಸಮೇತ ಹಾಕುತ್ತವೆ. ನೀವು ಓದುವ ತಾಣ ಹಾಗೆ ಮಾಡುತ್ತದೆಯೇ ಎಂದು ಒಮ್ಮೆ ನೋಡಿ.

ಫೀಡನ್ನೇ ನಂಬಿಕೊಂಡರೆ ಇನ್ನೂ ಒಂದು ಅಪಾಯ ಇದೆ. ಬಾಗಿಲ ಕೀಲಿ ಬೇರೆಯವರ ಕೈಯಲ್ಲಿರುತ್ತದೆ. ಇಂಥ ದೊಡ್ಡ ತಾಣಗಳು ಸುದ್ದಿ ಸಂಸ್ಥೆಗಳಿಗೆ ಹಣ ಕೊಡಬೇಕು ಎಂಬ ಕಾನೂನು ಕೆನಡಾದಲ್ಲಿ ಬಂದಾಗ, ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ 2023ರ ಆಗಸ್ಟ್‌ನಲ್ಲಿ ಅಲ್ಲಿನ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಿಂದ ಸುದ್ದಿಯನ್ನೇ ತೆಗೆಯಿತು. ಅದೇ ತಿಂಗಳು ಕಾಳ್ಗಿಚ್ಚು ಹತ್ತಿರ ಬಂದು ಅಲ್ಲಿನ ಯೆಲ್ಲೋನೈಫ್ ಎಂಬ ಊರಿನ ಸುಮಾರು 20,000 ಜನ ಊರು ಬಿಡಬೇಕಾಯಿತು. ಸುದ್ದಿಯ ಲಿಂಕ್ ಹಾಕಲು ಆಗದೆ ಜನ ಸ್ಕ್ರೀನ್‌ಶಾಟ್ ಹಂಚಿಕೊಂಡರು. ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ಸುದ್ದಿ ಹೀಗೆ ಕಳ್ಳದಾರಿಯಲ್ಲಿ ಬರಬೇಕಾಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಇ-ಪೇಪರ್, ಸುದ್ದಿಪತ್ರ, ಆರ್‌ಎಸ್‌ಎಸ್

ಕಾಗದ ಇಲ್ಲದಿದ್ದರೂ ಪತ್ರಿಕೆಯ ಗುಣ ಉಳಿಯಬಹುದು ಎಂದು ನನಗೆ ತೋರಿಸಿದ್ದು ಇವು. ಇ-ಪೇಪರ್‌ನಲ್ಲಿ ಅದೇ ಪುಟ, ಅದೇ ಜೋಡಣೆ, ಅದೇ ಕೊನೆ. ಚಿಕ್ಕ ಫೋನಿನಲ್ಲಿ ಅಕ್ಷರ ಹಿಗ್ಗಿಸಿ ಎಳೆದಾಡಬೇಕು, ಒಂದು ಕಾಲಂ ಮುಗಿಸುವಷ್ಟರಲ್ಲಿ ಸಾಕಾಗುತ್ತದೆ. ಟ್ಯಾಬ್ಲೆಟ್ ಇದ್ದರೆ ಮಾತ್ರ ಸುಖ.

ಬೆಳಿಗ್ಗೆ ಇಮೇಲಿಗೆ ಬರುವ ಸುದ್ದಿಪತ್ರ ನನಗೆ ತುಂಬಾ ಇಷ್ಟವಾಯಿತು. ಒಬ್ಬ ಮನುಷ್ಯ ಆರಿಸಿ ಬರೆದಿರುತ್ತಾನೆ, ಹೆಸರು ಹಾಕಿರುತ್ತಾನೆ, ತಪ್ಪಾದರೆ ಮರುದಿನದ ಪತ್ರದಲ್ಲೇ ಹೇಳುತ್ತಾನೆ. ಕೊರತೆಯೂ ಇದೆ. ಬಹಳಷ್ಟು ಸುದ್ದಿಪತ್ರಗಳು ಬೇರೆಯವರು ಹೋಗಿ ತಂದ ವರದಿಗಳ ಮೇಲೆ ನಿಂತಿವೆ. ನ್ಯಾಯಾಲಯದ ಕಟ್ಟೆಯ ಮೇಲೆ ಇಡೀ ದಿನ ಕಾಯುವ ವರದಿಗಾರನಿಗೆ ಸಂಬಳ ಕೊಡುವವರು ಇಲ್ಲದಿದ್ದರೆ ಸುದ್ದಿಪತ್ರದಲ್ಲಿ ಆರಿಸಲು ಏನೂ ಉಳಿಯುವುದಿಲ್ಲ.

ಇಲ್ಲಿ ಆರ್‌ಎಸ್‌ಎಸ್ ಎಂದರೆ ಸಂಘಟನೆಯಲ್ಲ, ನಾವು ಆರಿಸಿದ ತಾಣಗಳ ಹೊಸ ಲೇಖನಗಳನ್ನು ಒಂದೇ ಕಡೆ ತಂದು ಕೊಡುವ ತಂತ್ರಜ್ಞಾನ. ಅದು 1999ರಿಂದ ಇದೆ. ಅದನ್ನು ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದ ಮೇಲೆ ಬಹಳ ಜನ ಅದನ್ನು ಮರೆತರು. ನಾನು ಆರಿಸಿದ ತಾಣಗಳು ಮಾತ್ರ, ತಾರೀಕಿನ ಕ್ರಮದಲ್ಲಿ, ನಡುವೆ ಯಾರ ಆಟವೂ ಇಲ್ಲದೆ. ಹೊಂದಿಸಲು ಸ್ವಲ್ಪ ಹೊತ್ತು ಬೇಕು, ಆಮೇಲೆ ಫೀಡಿನ ನೆನಪೇ ಆಗುವುದಿಲ್ಲ.

ಎಐ ಸಾರಾಂಶ

ಉದ್ದದ ವರದಿಯನ್ನು ನಾನೇ ಕೊಟ್ಟು ಚಿಕ್ಕದು ಮಾಡಿಸಿಕೊಳ್ಳಲು ಪರವಾಗಿಲ್ಲ. ಇವತ್ತು ಏನಾಯಿತು ಎಂದು ಕೇಳಲು ಸದ್ಯಕ್ಕೆ ನಾನು ಒಪ್ಪುವುದಿಲ್ಲ. ಆ್ಯಪಲ್ ತನ್ನ ಫೋನುಗಳಲ್ಲಿ ಸುದ್ದಿ ನೋಟಿಫಿಕೇಶನ್‌ಗಳ ಸಾರಾಂಶ ಮಾಡುವ ಸೌಲಭ್ಯವನ್ನು 2025ರ ಜನವರಿಯಲ್ಲಿ ತಡೆಹಿಡಿಯಿತು. ಬಿಬಿಸಿ ಹೇಳದೇ ಇದ್ದದ್ದನ್ನು ಬಿಬಿಸಿಯ ಹೆಸರಿನಲ್ಲೇ ಅದು ತೋರಿಸಿತ್ತು, ಬಿಬಿಸಿ ದೂರು ಕೊಟ್ಟಿತ್ತು.

ನಾನು ಉಳಿಸಿಕೊಂಡದ್ದು

ಬೆಳಿಗ್ಗೆ ಇ-ಪೇಪರ್, ನಡುವೆ ಒಂದು ರೇಡಿಯೋ ವಾರ್ತೆ, ಆರ್‌ಎಸ್‌ಎಸ್‌ನಲ್ಲಿ ಕೆಲವೇ ತಾಣಗಳು. ಫೀಡಿನಿಂದ ಸುದ್ದಿ ತೆಗೆದುಕೊಳ್ಳುವುದನ್ನು ಬಿಟ್ಟೆ. ಫೋನಿನ ನೋಟಿಫಿಕೇಶನ್‌ಗಳಲ್ಲಿ ಹವಾಮಾನದ ಎಚ್ಚರಿಕೆ ಒಂದನ್ನು ಬಿಟ್ಟು ಉಳಿದವು ಬಂದ್. ಮನೆಯಲ್ಲಿ ವಯಸ್ಸಾದವರು ಇದ್ದರೆ ಮುದ್ರಿತ ಪತ್ರಿಕೆಯನ್ನು ಖಂಡಿತ ನಿಲ್ಲಿಸಬೇಡಿ. ಓದಲು ಕಲಿಯುತ್ತಿರುವ ಮಕ್ಕಳಿದ್ದರೂ ಅಷ್ಟೇ.

ಸ್ಥಳೀಯ ಸುದ್ದಿಗೆ ಮಾತ್ರ ಇವುಗಳಲ್ಲಿ ಯಾವುದೂ ಸಾಲಲಿಲ್ಲ. ದೊಡ್ಡ ಸುದ್ದಿ ಹೇಗಾದರೂ ತಲುಪುತ್ತದೆ. ಪಾಲಿಕೆಯ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುವ ಒಬ್ಬ ವರದಿಗಾರ ಹೋದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ಅಮೆರಿಕದಲ್ಲಿ ಸ್ಥಳೀಯ ಪತ್ರಿಕೆ ಮುಚ್ಚಿದ ಕಡೆಗಳಲ್ಲಿ ಸ್ಥಳೀಯ ಆಡಳಿತಗಳು ಸಾಲಕ್ಕೆ ಕಟ್ಟುವ ಬಡ್ಡಿ ಏರಿದ್ದನ್ನು ಸಂಶೋಧಕರು ಗುರುತಿಸಿದ್ದಾರೆ. ನೋಡುವ ಕಣ್ಣು ಇಲ್ಲದ ಕಡೆ ಸಾಲ ಕೊಡುವವರಿಗೂ ಧೈರ್ಯ ಕಡಿಮೆ.

ಹಾಗಾಗಿ ಚಂದಾ ಕಟ್ಟುವ ಮೊದಲು ಒಂದು ವಾರ ಆ ಪತ್ರಿಕೆಯನ್ನೋ ತಾಣವನ್ನೋ ಗಮನವಿಟ್ಟು ಓದಿ. ಎಷ್ಟು ವರದಿಗಳ ಮೇಲೆ ಅವರದೇ ವರದಿಗಾರರ ಹೆಸರಿದೆ ನೋಡಿ. ಮುಕ್ಕಾಲು ಪಾಲು ಏಜೆನ್ಸಿ ಸುದ್ದಿ ಮತ್ತು ವೈರಲ್ ವಿಡಿಯೋಗಳೇ ಇದ್ದರೆ ಆ ದುಡ್ಡನ್ನು, ಒಬ್ಬನೇ ಒಬ್ಬ ವರದಿಗಾರನನ್ನು ಇಟ್ಟುಕೊಂಡ ಚಿಕ್ಕ ಪತ್ರಿಕೆಯಾದರೂ ಸರಿ, ಅದಕ್ಕೆ ಕಟ್ಟಿ.