ಸೊಲ್ಲಾಪುರ ಎನ್‌ಟಿಪಿಸಿ ಸ್ಥಾವರ: ಯಂತ್ರ ಚಲೋ, ಕಲ್ಲಿದ್ದಲು ದೂರ, ಬೂದಿ ಹತ್ತಿರ

ಸೊಲ್ಲಾಪುರ ಹತ್ತಿರದ ಫತಾಟೆವಾಡಿಯ ಎನ್‌ಟಿಪಿಸಿ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಗ್ಗೆ ಅಕ್ಕಲಕೋಟ, ವಳಸಂಗ, ಮಂದ್ರೂಪ ಕಡೆ ಕೇಳಿಬರುವ ಮೊದಲ ದೂರು ಒಂದೇ: "ಕರೆಂಟ್ ಇಲ್ಲೇ ತಯಾರಾಗ್ತದ, ನಮ್ಮ ಲೈಟ್ ಬಿಲ್ ಯಾಕ ಕಡಿಮಿ ಆಗಂಗಿಲ್ಲ?" ದೂರು ಸಹಜ. ಆದರೆ ಅದು ತಟ್ಟುವ ಬಾಗಿಲು ಬೇರೆಯವರದು. ಸ್ಥಾವರ ಯಾರದು, ವಿದ್ಯುತ್ ಯಾರಿಗೆ ಮಾರಾಟವಾಗುತ್ತದೆ, ದರ ಎಲ್ಲಿ ನಿಗದಿಯಾಗುತ್ತದೆ ಎಂಬುದು ತಿಳಿಯದೆ ಸ್ಥಾವರಕ್ಕೆ ಅಂಕ ಕೊಡುವುದು ಸರಿಯಲ್ಲ.

ಮಾಲೀಕರು ಎನ್‌ಟಿಪಿಸಿ ಲಿಮಿಟೆಡ್. 1975ರಲ್ಲಿ ಹುಟ್ಟಿದ ಈ ಕಂಪನಿ 2004ರಲ್ಲಿ ಷೇರುಪೇಟೆಗೆ ಬಂತು. ಈಗ ಕೇಂದ್ರ ಸರ್ಕಾರದ ಪಾಲು ಶೇ. 51ರಷ್ಟು, ಉಳಿದದ್ದು ಸಂಸ್ಥೆಗಳ ಮತ್ತು ಸಾಮಾನ್ಯ ಹೂಡಿಕೆದಾರರ ಕೈಯಲ್ಲಿದೆ. ಮಹಾರಾಷ್ಟ್ರ ಸರ್ಕಾರಕ್ಕೆ ಸ್ಥಾವರದ ಮೇಲೆ ಮಾಲೀಕತ್ವವಿಲ್ಲ. ರಾಜ್ಯದ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣ ಇಲ್ಲಿ ಬರೀ ಗಿರಾಕಿ. ಸರಿಸುಮಾರು ಅರ್ಧದಷ್ಟು ವಿದ್ಯುತ್ ಮಹಾರಾಷ್ಟ್ರಕ್ಕೆ, ಮಿಕ್ಕದ್ದು ಮಧ್ಯಪ್ರದೇಶ, ಗೋವಾ ಮೊದಲಾದ ಪಶ್ಚಿಮ ವಲಯದ ಗಿರಾಕಿಗಳಿಗೆ ಹಂಚಿಕೆಯಾಗಿದೆ. ಗಡಿಯಾಚೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಇದೇ ಕಂಪನಿಯ 2,400 ಮೆಗಾವಾಟ್ ಸ್ಥಾವರ ಇದೆಯಲ್ಲ, ಅದರ ಹಂಚಿಕೆ ದಕ್ಷಿಣ ವಲಯದ್ದು. ಎರಡು ವಲಯಗಳನ್ನು ಜೋಡಿಸಿದ ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ 2013ರ ಡಿಸೆಂಬರ್ 31ರಂದು ಚಾಲೂ ಆಯಿತು. ತಂತಿ ಕೂಡಿತು, ಕರಾರು ಮಾತ್ರ ಬೇರೆ ಬೇರೆಯೇ ಉಳಿದವು.

ಯಂತ್ರದ ಮಟ್ಟಿಗೆ ಒಳ್ಳೆಯ ಅಂಕ ಕೊಡಬಹುದು. ತಲಾ 660 ಮೆಗಾವಾಟ್‌ನ ಎರಡು ಘಟಕ. ಮೊದಲನೆಯದು 2017ರ ಸೆಪ್ಟೆಂಬರ್‌ನಲ್ಲಿ, ಎರಡನೆಯದು 2019ರ ಮಾರ್ಚ್‌ನಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ಎರಡೂ ಸೂಪರ್‌ಕ್ರಿಟಿಕಲ್. ಅಂದರೆ ಬಾಯ್ಲರಿನೊಳಗಿನ ಒತ್ತಡ ನೀರು-ಹಬೆಯ ಭೇದವೇ ಅಳಿಯುವ ಮಟ್ಟವಾದ 221 ಬಾರ್‌ಗಿಂತ ಮೇಲಿರುತ್ತದೆ, ನೀರನ್ನೂ ಹಬೆಯನ್ನೂ ಬೇರ್ಪಡಿಸುವ ಡ್ರಮ್ ಇರುವುದಿಲ್ಲ. ಲಾಭವೆಂದರೆ ಹಳೆಯ 210 ಮೆಗಾವಾಟ್ ಘಟಕಗಳಿಗಿಂತ ಕಡಿಮೆ ಕಲ್ಲಿದ್ದಲು ಸಾಕು. ಕಷ್ಟವೆಂದರೆ ನೀರಿನ ಶುದ್ಧತೆಯಲ್ಲಿ ಸಲುಗೆಯೇ ಇಲ್ಲ. ಡ್ರಮ್ ಇದ್ದ ಬಾಯ್ಲರಿನಲ್ಲಿ ಉಪ್ಪು ಸೇರಿದರೆ ಒಂದಿಷ್ಟು ನೀರು ಹೊರಬಿಟ್ಟು (ಬ್ಲೋಡೌನ್) ಅದನ್ನು ಹೊರಹಾಕಬಹುದು. ಇಲ್ಲಿ ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿನ ಒಂದು ಕೊಳವೆ ಸೋರಿದರೂ ಅದರ ಉಪ್ಪು ಟರ್ಬೈನ್ ಬ್ಲೇಡಿನ ಮೇಲೆ ಕೂಡುವ ಅಪಾಯವಿದೆ.

ತೊಡಕು ಇಂಧನದ್ದು. ಸೊಲ್ಲಾಪುರ ಸೀಮೆಯಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ತೆಲಂಗಾಣದ ಸಿಂಗರೇಣಿ ಗಣಿಗಳಾಗಲಿ, ಚಂದ್ರಾಪುರದ ವರ್ಧಾ ಕಣಿವೆಯಾಗಲಿ ನೂರಾರು ಕಿಲೋಮೀಟರ್ ದೂರ. ಲೆಕ್ಕ ಹಾಕಿ ನೋಡಿ: ಕೆಜಿಗೆ 3,500 ಕಿಲೋಕ್ಯಾಲರಿಯ ಕಲ್ಲಿದ್ದಲಾದರೆ ಒಂದು ಯೂನಿಟ್‌ಗೆ ಸುಮಾರು 640 ಗ್ರಾಂ ಬೇಕು. ಎರಡೂ ಘಟಕ ದಿನವಿಡೀ ಪೂರ್ತಿ ಓಡಿದರೆ 20,000 ಟನ್, ಅಂದರೆ ಸುಮಾರು 4,000 ಟನ್ ಹೊರುವ ಐದು ರೇಕು (ಗೂಡ್ಸ್ ರೈಲು). ಅದರಲ್ಲಿ ಶೇ. 34 ಬೂದಿ ಎಂದು ಹಿಡಿದರೆ, ಐದರಲ್ಲಿ ಒಂದೂವರೆ ರೇಕಿಗಿಂತ ಹೆಚ್ಚು ಉರಿಯದ ಮಣ್ಣಿಗೇ ರೈಲು ಬಾಡಿಗೆ ಕೊಟ್ಟಂತೆ!

ಈ ಬಾಡಿಗೆ ಸ್ಥಾವರದ ಓಟವನ್ನೇ ಬದಲಿಸಿದೆ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರಪದ್ಧತಿಯಲ್ಲಿ ಎರಡು ಭಾಗ: ಸ್ಥಿರ ಶುಲ್ಕ ಮತ್ತು ಇಂಧನ ಶುಲ್ಕ. ಸ್ಥಾವರ ಶೇ. 85ರಷ್ಟು ಹೊತ್ತು ತಯಾರಿದ್ದರೆ ಸಾಕು, ವಿದ್ಯುತ್ ಕೊಂಡರೂ ಬಿಟ್ಟರೂ ಗಿರಾಕಿ ಪೂರ್ತಿ ಸ್ಥಿರ ಶುಲ್ಕ ಕಟ್ಟಬೇಕು. ಎಷ್ಟು ಕೊಳ್ಳಬೇಕೆಂಬುದು ನಿರ್ಧಾರವಾಗುವುದು ಇಂಧನ ಶುಲ್ಕದ ಮೇಲೆ: ದಿನದ 96 ಹದಿನೈದು-ನಿಮಿಷದ ಅವಧಿಗಳಲ್ಲಿ ಅಗ್ಗದ್ದನ್ನು ಮೊದಲು, ತುಟ್ಟಿಯದನ್ನು ಕೊನೆಗೆ ಕರೆಯುತ್ತಾರೆ. ಗಣಿಯ ಬಾಯಲ್ಲೇ ಕೂತ ಕೊರ್ಬಾ, ಸೀಪತ್, ವಿಂಧ್ಯಾಚಲ ಇದೇ ವಲಯದಲ್ಲಿರುವಾಗ ಸೊಲ್ಲಾಪುರದ ಸರದಿ ತಡವಾಗಿ ಬರುತ್ತದೆ. ಬಿಲ್ಲಿನಲ್ಲಿ ಕಾಣುವ 'ಇಂಧನ ಸಮಾಯೋಜನ ಆಕಾರ'ದಲ್ಲಿ (ಇಂಧನ ದರದ ಏರಿಳಿತಕ್ಕೆ ತಕ್ಕ ಶುಲ್ಕ) ಇಂಥ ಏರಿಳಿತವೆಲ್ಲ ರಾಜ್ಯಕ್ಕೆಲ್ಲ ಸೇರಿ ಹಂಚಿಕೆಯಾಗುತ್ತದೆ. ಚಿಮಣಿ ಎದುರಿನ ಮನೆಗೂ ನಾಗಪುರದ ಮನೆಗೂ ಅಲ್ಲಿ ಭೇದವಿಲ್ಲ.

ಬಿಸಿಲೇರಿದಾಗ ಸೌರವಿದ್ಯುತ್ ಜಾಲಕ್ಕೆ ನುಗ್ಗುತ್ತದೆ. ಆಗ ಇಂಥ ಘಟಕಗಳನ್ನು ಶೇ. 55ಕ್ಕೆ, ಅಂದರೆ 363 ಮೆಗಾವಾಟ್‌ಗೆ ಇಳಿಸಿ, ಸಂಜೆ ಮತ್ತೆ ಏರಿಸಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮ ಇದನ್ನು ಶೇ. 40ಕ್ಕೆ ಒಯ್ಯುವ ಗುರಿ ಇಟ್ಟಿದೆ. ಒಂದೇ ಹದದಲ್ಲಿ ಓಡಲೆಂದು ಕಟ್ಟಿದ ಯಂತ್ರಕ್ಕೆ ಇದು ಒಗ್ಗುವ ಕೆಲಸವಲ್ಲ. ಲೋಡ್ ಇಳಿದಂತೆ ಯೂನಿಟ್‌ಗೆ ಬೇಕಾಗುವ ಕಲ್ಲಿದ್ದಲು ಹೆಚ್ಚುತ್ತದೆ, ಜ್ವಾಲೆ ನಿಲ್ಲಿಸಲು ಎಣ್ಣೆ ಬೇಕಾಗಬಹುದು, ದಪ್ಪ ಗೋಡೆಯ ಪೈಪುಗಳು, ಅವು ಕೂಡುವ ಹೆಡರುಗಳು ದಿನಾ ಹಿಗ್ಗಿ ಕುಗ್ಗಿ ಬೆಸುಗೆಯಲ್ಲಿ ಬಿರುಕು ಬಿಡುತ್ತವೆ. ಬಾಯ್ಲರ್ ಟ್ಯೂಬ್ ಸೋರಿತೆಂದರೆ ಘಟಕ ನಿಲ್ಲಿಸಿ, ತಣಿಸಿ, ಸ್ಕ್ಯಾಫೋಲ್ಡಿಂಗ್ ಕಟ್ಟಿ, ತುಂಡು ಕತ್ತರಿಸಿ ಬೆಸೆದು, ನೀರಿನ ಒತ್ತಡ ಪರೀಕ್ಷೆ ಮುಗಿಸುವಷ್ಟರಲ್ಲಿ ಮೂರ್ನಾಲ್ಕು ದಿನ. 72 ಗಂಟೆ ಮೀರಿ ನಿಂತರೆ ಅದು ಕೋಲ್ಡ್ ಸ್ಟಾರ್ಟ್, ಅಂದರೆ ತಣಿದ ಯಂತ್ರವನ್ನು ಮೊದಲಿಂದ ಕಾಯಿಸಿ ಏರಿಸುವುದು. ಎಣ್ಣೆಯ ಖರ್ಚು ಎಲ್ಲಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ತೆರೆದ ವ್ಯಾಗನ್ನಿನಲ್ಲಿ ತೊಯ್ದು ಬಂದ ಕಲ್ಲಿದ್ದಲು ಅದು ಜಾರಿಬರುವ ಹಾಪರಿಗೆ, ಚೂಟಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ಅರೆಯುವ ಮಿಲ್ಲಿನೊಳಗೆ ಒಣಗದ ಪುಡಿ ಬರ್ನರಿಗೆ ಸರಿಯಾಗಿ ಹೋಗದು. ಕಲ್ಲಿದ್ದಲಿನ ಬಂಕರ್ ತುಂಬಿದ್ದರೂ ಮೆಗಾವಾಟ್ ಏರುವುದಿಲ್ಲ.

ನೀರು ಭೀಮೆಯ ಮೇಲಿನ ಉಜನಿ ಜಲಾಶಯದಿಂದ. ಸೊಲ್ಲಾಪುರ ನಗರವೂ ಅದನ್ನೇ ಕುಡಿಯುತ್ತದೆ, ಭೀಮೆಯ ಎರಡೂ ದಂಡೆಯ ಕಬ್ಬೂ ಅದನ್ನೇ. 'ಉಜನಿ ಮೈನಸ್‌ಗೆ ಹೋಯ್ತು' (ಬಳಕೆಯ ನೀರು ತೀರಿ ತಳದ ಸಂಗ್ರಹಕ್ಕೆ ಕೈಹಾಕುವ ಸ್ಥಿತಿ) ಅನ್ನುವ ವರ್ಷ ಚರ್ಚೆ ಶುರುವಾಗುವುದೇ ಇಲ್ಲಿಂದ. ಹೊಸ ಸ್ಥಾವರಗಳಿಗೆ ಪರಿಸರ ಸಚಿವಾಲಯದ ಮಿತಿ ಪ್ರತಿ ಮೆಗಾವಾಟ್-ಗಂಟೆಗೆ 3 ಘನಮೀಟರ್. ಪೂರ್ತಿ ಓಡಿದ ದಿನಕ್ಕೆ ಇದು ಸುಮಾರು 9.5 ಕೋಟಿ ಲೀಟರ್‌ವರೆಗೆ ಹೋಗುತ್ತದೆ, ಹೆಚ್ಚಿನ ಪಾಲು ಕೂಲಿಂಗ್ ಟವರಿನಿಂದ ಆವಿಯಾಗಿಯೇ. ಬರಸೀಮೆಯಲ್ಲಿ ಇಷ್ಟು ದೊಡ್ಡ ಸ್ಥಾವರ ಕಟ್ಟಿದ್ದಕ್ಕೆ ಇಲ್ಲಿ ಅಂಕ ಕಳೆಯಲೇಬೇಕು.

ಇನ್ನು ಬೂದಿ. ನೆರೆಹೊರೆಯವರ ಕೈಗೆ ನೇರವಾಗಿ ಸಿಗುವ ಸರಕು ಇದೊಂದೇ. ಪೂರ್ಣ ಲೋಡಿನ ದಿನಕ್ಕೆ 6,800 ಟನ್; ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹಾರುಬೂದಿ, ಮಿಕ್ಕದ್ದು ಬಾಯ್ಲರಿನ ತಳದಲ್ಲಿ ಬೀಳುವ ಗರಸು ಬೂದಿ. 2021ರ ಡಿಸೆಂಬರ್ ಅಧಿಸೂಚನೆಯ ಪ್ರಕಾರ ಸ್ಥಾವರ ಬೂದಿಯನ್ನೆಲ್ಲ ಬಳಕೆಗೆ ಹಚ್ಚಬೇಕು, ಉಳಿಸಿದರೆ ಟನ್ನಿಗೆ 1,000 ರೂಪಾಯಿ ಪರಿಸರ ಪರಿಹಾರ ತೆರಬೇಕು. ಹೀಗಾಗಿ ಸಿಮೆಂಟ್ ಗ್ರೈಂಡಿಂಗ್ ಘಟಕಗಳ ಬಲ್ಕರ್ ಲಾರಿಗಳ ಜತೆ ಇಟ್ಟಂಗಿ ಕಾರ್ಖಾನೆಗಳಿಗೂ ದಾರಿ ಇದೆ. ಎರೆಮಣ್ಣಿನ ನಮ್ಮ ಸೀಮೆಯಲ್ಲಿ ಭಟ್ಟಿ ಇಟ್ಟಂಗಿ ಸುಟ್ಟಾಗ ಬಿರಿಯುತ್ತದೆ. ಬೂದಿ ಇಟ್ಟಂಗಿಗೆ ಬೆಂಕಿಯೇ ಬೇಡ.

ಇಟ್ಟಂಗಿ ಕೊಳ್ಳುವವರು ನೋಡಬೇಕಾದ್ದು ಅದರ ಬೂದಿ ಎಲ್ಲಿಯದು ಎಂಬುದನ್ನು. ಹೊಗೆಯಿಂದ ಬೂದಿ ಹಿಡಿಯುವ ಇಎಸ್‌ಪಿ ಯಂತ್ರದ ಹಾಪರಿನಿಂದ ಸೈಲೋಗೆ ಬಂದ ಒಣ ಬೂದಿ ನುಣುಪು. ಸಿಮೆಂಟಿಗೆ ಬಳಸುವ ಬೂದಿಗೆ ಭಾರತೀಯ ಮಾನಕ ಐಎಸ್ 3812ರ ಅಳತೆ ಇದೆ: 45 ಮೈಕ್ರಾನ್ ಜರಡಿಯ ಮೇಲೆ ಶೇ. 34ಕ್ಕಿಂತ ಹೆಚ್ಚು ಉಳಿಯಬಾರದು, ಕಾಯಿಸಿದಾಗ ಕಳೆಯುವ ತೂಕ ಶೇ. 5 ಮೀರಬಾರದು. ಸ್ಥಾವರದ ಬೂದಿ ಕೊಳದಿಂದ ಬಗೆದದ್ದು ದಪ್ಪ, ಕೆಲವೊಮ್ಮೆ ಕಪ್ಪು. ಗುಂಡಿ ತುಂಬಲು, ರಸ್ತೆಯ ಒಡ್ಡಿಗೆ ಚಲೋ, ಇಟ್ಟಂಗಿಗೆ ಬೈಂಡರ್ ಆಗುವುದಿಲ್ಲ. ಅದನ್ನೇ ಹಾಕಿ ಸಿಮೆಂಟೂ ಉಳಿಸಿದ ಇಟ್ಟಂಗಿಯ ಮೂಲೆ ಲಾರಿಯಿಂದ ಇಳಿಸುವಾಗಲೇ ಉದುರುತ್ತದೆ.

ಸಾಮಾನ್ಯ ಮಿಶ್ರಣ: ಬೂದಿ ಶೇ. 50–60, ಕ್ರಷರ್ ಪುಡಿ ಶೇ. 30–40, ಸಿಮೆಂಟ್ ಶೇ. 8–10. ಸಿಮೆಂಟ್ ಶೇ. 5ಕ್ಕೆ ಇಳಿಸಿದವರ ಮಾಲು ಅಗ್ಗ, ಆದರೆ ಗೋಡೆಯಲ್ಲಿ ಡ್ರಿಲ್ ಹಾಕಿದರೆ ಪುಡಿ ಸುರಿಯುತ್ತದೆ. 230×110×75 ಮಿ.ಮೀ. ಅಳತೆಯ ಗಟ್ಟಿ ಇಟ್ಟಂಗಿ ಸುಮಾರು 3 ಕೆಜಿ ತೂಗಬೇಕು. ಬಹಳ ಹಗುರಿದ್ದರೆ ಪ್ರೆಸ್‌ನ ಒತ್ತಡ ಸಾಲದು. 24 ಗಂಟೆ ನೀರಲ್ಲಿ ನೆನೆಸಿ ತೂಗಿದರೆ ತೂಕದ ಏರಿಕೆ ಐದರಲ್ಲಿ ಒಂದು ಪಾಲು ದಾಟಬಾರದು. ಅಚ್ಚಿನಿಂದ ತೆಗೆದ ಮರುದಿನದಿಂದ ಕನಿಷ್ಠ ಎರಡು ವಾರ ನೀರು ಉಣಿಸಿರಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಕಾರ್ಖಾನೆಗಳು ಕೈಬಿಡುವುದೇ ಇದನ್ನು, ಅಲ್ಲೂ ಅದೇ ನೀರಿನ ತಾಪತ್ರಯ. ಹೀಗೆ ನೀರು ತಪ್ಪಿಸಿದ ಮಾಲು ಗಟ್ಟಿಯಾಗುವುದಿಲ್ಲ, ಒಡೆದರೆ ಪುಡಿ ಉದುರುತ್ತದೆ. ರಾಶಿಯಿಂದ ಒಂದನ್ನು ಒಡೆಯಲು ಬಿಡದ ವ್ಯಾಪಾರಿಯ ಹತ್ತಿರ ಕೊಳ್ಳದಿರುವುದು ಲೇಸು.

ಗಿಲಾವು (ಪ್ಲಾಸ್ಟರ್) ಬಿಡುತ್ತದೆ ಎಂಬ ದೂರಿನಲ್ಲಿ ಹೆಚ್ಚಿನದು ಇಟ್ಟಂಗಿಯ ತಪ್ಪಲ್ಲ. ಮೈ ನುಣುಪಾದ್ದರಿಂದ ಹಿಡಿತ ಕಡಿಮೆ. ಗವಂಡಿಗೆ ಹೇಳಿ ಜೋಡಣೆಯ ಸಂದನ್ನು ಸುಮಾರು 10 ಮಿ.ಮೀ. ಆಳ ಕೆರೆಸಬೇಕು, ಗಿಲಾವಿಗೆ ಮುಂಚೆ ಗೋಡೆಗೆ ಸಿಮೆಂಟ್ ಹಾಲು ಎರಚಿಸಬೇಕು. ಕಾಂಕ್ರೀಟ್ ಕಂಬಕ್ಕೂ ಗೋಡೆಗೂ ಸೇರುವ ಕಡೆ ಜಾಳಿಗೆ ಬಡಿಸಿದರೆ ಬಿರುಕು ಬೀಳುವುದು ಬಹಳ ಕಡಿಮೆ. ಕಟ್ಟುವ ಮುಂಚೆ ಇಟ್ಟಂಗಿಗೆ ಮೈ ತೊಯ್ಯುವಷ್ಟು ನೀರು ಸಾಕು, ಭಟ್ಟಿ ಇಟ್ಟಂಗಿಯಂತೆ ಟಾಕಿಯಲ್ಲಿ ಮುಳುಗಿಸಿಡುವುದು ಬೇಡ.