ಹೊಸಪೇಟೆಯ ಲಾಡ್ಜ್ ರೂಮು: ಬೆಡ್‌ಶೀಟಿಗೆ ಪೂರ್ತಿ ಅಂಕ, ಬ್ಲ್ಯಾಂಕೆಟಿಗೆ ಸೊನ್ನೆ

ಹಂಪಿ ನೋಡಲು ಬರುವವರು ಹೆಚ್ಚಾಗಿ ಇಳಿಯುವುದು ಹೊಸಪೇಟೆಯಲ್ಲೇ. ಅಲ್ಲಿಂದ ಹಂಪಿಗೆ 12-13 ಕಿಲೋಮೀಟರ್ ಅಷ್ಟೇ, ಬಸ್ಸಿಗೂ ಕೊರತೆ ಇಲ್ಲ. ನಾವೂ ಕ್ರಿಸ್‌ಮಸ್ ರಜೆಯಲ್ಲಿ ಅಲ್ಲೇ ಒಂದು ಮಧ್ಯಮ ದರದ ಲಾಡ್ಜಿನಲ್ಲಿ ಉಳಿದೆವು. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಈ ದರದ ಬಹಳಷ್ಟು ಲಾಡ್ಜ್‌ಗಳಲ್ಲಿ ನಾನು ನೋಡಿರುವುದು ಇದನ್ನೇ. ತಿಂಡಿ, ಪಾರ್ಕಿಂಗ್, ರಿಸೆಪ್ಷನ್‌ನವರ ಮಾತು ಎಲ್ಲ ಚೆನ್ನಾಗಿತ್ತು. ಸ್ವಚ್ಛತೆ ಬಗ್ಗೆ ಮಾತ್ರ ಬಿಡಿಸಿ ಬರೆಯುತ್ತೇನೆ. ಜೊತೆಗೆ ಅಮ್ಮ ಇದ್ದರು, ಅವರಿಗೆ ಸಕ್ಕರೆ ಕಾಯಿಲೆ, ಕಾಲಿಗೆ ಸಣ್ಣ ಗಾಯವಾದರೂ ಬೇಗ ಮಾಯುವುದಿಲ್ಲ. ಹಾಗಾಗಿ ರೂಮು ಹೇಗಿದೆ ಅನ್ನುವುದು ನಮಗೆ ಶೋಕಿಯ ವಿಷಯ ಅಲ್ಲ.

ಬಾಗಿಲು ತೆಗೆದ ಕೂಡಲೇ ರೂಮ್ ಫ್ರೆಶ್ನರ್ ಘಮ್ ಅಂತು. ದಯವಿಟ್ಟು ಆ ವಾಸನೆ ನಂಬಬೇಡಿ. ಪರಿಮಳ ಇದೆ ಅಂದರೆ ಯಾರೋ ಸ್ಪ್ರೇ ಹೊಡೆದಿದ್ದಾರೆ ಅಂತ ಅರ್ಥ, ಒರೆಸಿದ್ದಾರೆ ಅಂತ ಅಲ್ಲ. ಬ್ಯಾಗನ್ನು ಮಂಚದ ಮೇಲೆ ಎಸೆಯುವ ಮೊದಲು ಬಾತ್‌ರೂಮಿನ ಒಣ ಮೂಲೆಯಲ್ಲಿ ಇಟ್ಟು, ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಅಂಚಿನ ಹೊಲಿಗೆ, ತಲೆ ಹತ್ತಿರದ ಹಲಗೆಯ ಸಂದು ಎಲ್ಲ ನೋಡಿದೆವು. ತಿಗಣೆ ಇದ್ದರೆ ಅಲ್ಲಿ ಸಣ್ಣ ಕಪ್ಪು ಕಲೆಗಳು, ಕಳಚಿದ ಸಿಪ್ಪೆ ಕಾಣುತ್ತವೆ. ತಿಗಣೆ ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಕಚ್ಚಿದರೆ ತುರಿಕೆ ಬರುತ್ತದೆ, ಕಾಯಿಲೆ ಹರಡುತ್ತದೆ ಅಂತೇನೂ ಸಾಬೀತಾಗಿಲ್ಲ. ಆದರೆ ಬ್ಯಾಗಿನಲ್ಲಿ ಕೂತು ಮನೆಗೆ ಬಂದರೆ ಓಡಿಸುವುದು ಬಹಳ ಕಷ್ಟ. ಇಲ್ಲಿ ಒಂದೂ ಸಿಗಲಿಲ್ಲ, ಈ ವಿಷಯದಲ್ಲಿ ಲಾಡ್ಜಿಗೆ ಪೂರ್ತಿ ಅಂಕ. ಬೆಡ್‌ಶೀಟ್, ದಿಂಬಿನ ಕವರ್ ಕೂಡ ಆಗಷ್ಟೇ ಇಸ್ತ್ರಿ ಮಾಡಿದವು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

ಬ್ಲ್ಯಾಂಕೆಟ್ ವಿಷಯಕ್ಕೆ ಬಂದರೆ ನಿಜವಾಗಿಯೂ ಬೇಜಾರು. ಅಂಚು ಜಿಡ್ಡುಗಟ್ಟಿತ್ತು, ಒಂದು ಕಡೆ ಸಾಂಬಾರಿನ ಕಲೆ. "ಇದನ್ನು ಯಾವಾಗ ತೊಳೆದಿರಿ?" ಅಂತ ರೂಮ್ ಬಾಯ್‌ನನ್ನು ಕೇಳಿದೆ. "ಸಾರ್, ಶೀಟ್ ದಿನಾ ಹೋಗುತ್ತೆ, ಬ್ಲ್ಯಾಂಕೆಟ್ ಕಲೆ ಆದ್ರೆ ಮಾತ್ರ" ಅಂದ. ಪಾಪ, ಅವನದ್ದೇನೂ ತಪ್ಪಿಲ್ಲ. ಗಿರಾಕಿಗಳು ಖಾಲಿ ಮಾಡಿ ಹೊಸಬರು ಬರುವ ಆ ಒಂದೆರಡು ಗಂಟೆಯಲ್ಲಿ ಇಡೀ ಮಹಡಿಯನ್ನು ಒಬ್ಬನೇ ಸರಿ ಮಾಡಬೇಕು, ಕೈಗೆ ಕೊಟ್ಟಿರುವುದು ಒಂದು ಬಕೆಟ್, ಒಂದು ಬಟ್ಟೆ. ಬೈಯಬೇಕಾದದ್ದು ಎರಡನೇ ಬಟ್ಟೆ ಕೊಡದ ಮಾಲೀಕನನ್ನು. ನಾವು ಇನ್ನೊಂದು ಒಗೆದ ಶೀಟ್ ಕೇಳಿದೆವು, ಎರಡೇ ನಿಮಿಷದಲ್ಲಿ ತಂದುಕೊಟ್ಟ. ಅದನ್ನು ಬ್ಲ್ಯಾಂಕೆಟಿನ ಕೆಳಗೆ ಹೊದ್ದು ಮಲಗಿದೆವು. ಕೇಳಿದರೆ ಕೊಡುತ್ತಾರೆ, ನಾವೇ ಸಂಕೋಚಪಟ್ಟು ಕೇಳುವುದಿಲ್ಲ.

ಗಾಜಿನ ಲೋಟಗಳನ್ನಂತೂ ಮುಟ್ಟಬೇಡಿ. ಪಕ್ಕದ ರೂಮಿನ ಬಾಗಿಲು ತೆರೆದಿತ್ತು. ಅಲ್ಲಿ ವಾಷ್ ಬೇಸಿನ್ ಒರೆಸಿದ ಬಟ್ಟೆಯಲ್ಲೇ ಲೋಟಗಳನ್ನೂ ಒರೆಸಿ ಟ್ರೇನಲ್ಲಿ ಬೋರಲು ಹಾಕಿದ್ದನ್ನು ನಾನೇ ನೋಡಿದೆ. 2012ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಕೆಲವು ಹೋಟೆಲ್ ರೂಮುಗಳನ್ನು ಪರೀಕ್ಷಿಸಿದ್ದರು. ಟಿವಿ ರಿಮೋಟ್ ಮತ್ತು ಮಂಚದ ಪಕ್ಕದ ದೀಪದ ಸ್ವಿಚ್ ತುಂಬಾ ಕೊಳಕಾಗಿದ್ದವು, ಕ್ಲೀನಿಂಗ್ ಗಾಡಿಯಲ್ಲಿದ್ದ ಸ್ಪಂಜು, ಮಾಪ್‌ಗಳಲ್ಲೂ ಬ್ಯಾಕ್ಟೀರಿಯಾ ಜಾಸ್ತಿ ಇತ್ತು. ಅಂದರೆ ಒಂದು ರೂಮಿನ ಕೊಳೆಯನ್ನು ಇನ್ನೊಂದಕ್ಕೆ ಒಯ್ಯುವುದು ಒರೆಸುವ ಬಟ್ಟೆಯೇ ಆಗಿರಬಹುದು ಅಲ್ವಾ? ಅವರು ಪರೀಕ್ಷಿಸಿದ ರೂಮುಗಳು ಬರೀ ಒಂಬತ್ತು, ಹಾಗಾಗಿ ಅದನ್ನೇ ಎಲ್ಲ ಕಡೆಗೂ ಅನ್ವಯಿಸಬೇಡಿ. ಆದರೆ ರಿಮೋಟ್, ಸ್ವಿಚ್, ಬಾಗಿಲ ಹಿಡಿ ಇಷ್ಟನ್ನು ಆಲ್ಕೋಹಾಲ್ ವೈಪ್ಸಿನಿಂದ ಒರೆಸಲು ಎರಡು ನಿಮಿಷ ಸಾಕು. ಒರೆಸಿದ ಮೇಲೆ ತಾನಾಗಿ ಆರಲು ಬಿಡಿ, ತಕ್ಷಣ ಟವೆಲ್ಲಿನಿಂದ ಉಜ್ಜಿದರೆ ಉಪಯೋಗವಿಲ್ಲ.

ಇನ್ನೊಂದು ಮಾತು. ಸ್ಯಾನಿಟೈಸರ್ ಇದೆ ಅಂತ ಸೋಪು ಬಿಡಬೇಡಿ. ವಾಂತಿ ಭೇದಿ ತರುವ ನೊರೊವೈರಸ್ ಸ್ಯಾನಿಟೈಸರಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಊಟಕ್ಕೆ ಮೊದಲು, ಟಾಯ್ಲೆಟ್ಟಿನಿಂದ ಬಂದ ಮೇಲೆ ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಿ ತೊಳೆಯಿರಿ.

ಬಾತ್‌ರೂಮ್ ನೆಲ ಒಣಗಿತ್ತು, ಕಮೋಡ್ ಬಿಳಿ ಬಿಳಿ ಇತ್ತು, ಸಂತೋಷ. ಬಕೆಟ್, ಮಗ್ ಒಳಗೆ ಮಾತ್ರ ಕೈಗೆ ಲೋಳೆ ಹತ್ತಿತು, ಉಜ್ಜಿ ತೊಳೆದೇ ಬಳಸಿದೆವು. ಅಮ್ಮನಿಗೆ ಹೊಸ ರಬ್ಬರ್ ಚಪ್ಪಲಿ ಕೊಂಡು ಒಯ್ದಿದ್ದೆವು, ಒಳಗೆ ಒಂದು ಹೆಜ್ಜೆಯನ್ನೂ ಬರಿಗಾಲಲ್ಲಿ ಇಡಲು ಬಿಡಲಿಲ್ಲ. ಶವರ್ ಬಗ್ಗೆ ಹುಷಾರು. ಮುಚ್ಚಿಟ್ಟ ರೂಮಿನ ಪೈಪಿನಲ್ಲಿ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು, ನೀರಿನ ಸಣ್ಣ ಹನಿಗಳ ಜೊತೆ ಉಸಿರಿಗೆ ಹೋದರೆ ನ್ಯುಮೋನಿಯಾ ತರುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸೇರಿದ್ದ 'ಅಮೆರಿಕನ್ ಲೀಜನ್' ಸಂಘದ ಮಾಜಿ ಸೈನಿಕರು ಇದೇ ಬ್ಯಾಕ್ಟೀರಿಯಾದಿಂದ ಕಾಯಿಲೆ ಬಿದ್ದು ಹಲವರು ಸತ್ತಿದ್ದರು, ಅದರಿಂದಲೇ ಆ ಹೆಸರು ಬಂದದ್ದು. ವಯಸ್ಸಾದವರಿಗೆ ಅಪಾಯ ಜಾಸ್ತಿ. ನಾವು ಮೊದಲು ನಲ್ಲಿ, ಶವರ್ ಎರಡನ್ನೂ ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಅಮ್ಮನಿಗೆ ಬಕೆಟ್ ಸ್ನಾನವೇ.

ಹೊರಡುವಾಗ ಬ್ಲ್ಯಾಂಕೆಟ್, ಲೋಟದ ವಿಷಯವನ್ನು ಮ್ಯಾನೇಜರಿಗೆ ನೇರವಾಗಿ ಹೇಳಿದೆ. ಬೇಸರ ಮಾಡಿಕೊಳ್ಳದೆ ಕೇಳಿಸಿಕೊಂಡರು. ನನ್ನ ಲೆಕ್ಕದಲ್ಲಿ 5ಕ್ಕೆ 3. ರೂಮಿಗೊಂದು ಬೇರೆ ಬಟ್ಟೆ, ಬಿಸಿನೀರಲ್ಲಿ ತೊಳೆದ ಸ್ಟೀಲ್ ಲೋಟ, ಬ್ಲ್ಯಾಂಕೆಟಿಗೆ ಒಗೆಯುವಂಥ ಕವರ್ ಹಾಕಿದರೆ 4 ಕೊಡುತ್ತೇನೆ. ಮತ್ತೆ ಹೊಸಪೇಟೆಗೆ ಹೋದರೆ ಅಲ್ಲೇ ಇಳಿಯುತ್ತೇವೆ, ಹೊದಿಕೆ ಮತ್ತು ಲೋಟ ಮಾತ್ರ ಮನೆಯಿಂದ.